ಮೇಘವಾದ ಕಮಠ: ನಾಗರಖಂಡ ಸೀಮೆಯಲ್ಲಿ ಗುಡುಗು ಸಿಡಿಲಿನ ಕಥೆಗಳು

ಶಿಕಾರಿಪುರ, ಸೊರಬ ತಾಲೂಕುಗಳು ಮಲೆನಾಡು ಮುಗಿದು ಬಯಲುಸೀಮೆ ತೊಡಗುವ ಅಂಚಿನಲ್ಲಿವೆ. ಮುಂಗಾರು ಕಾಲಿಡುವುದಕ್ಕೆ ಮುನ್ನವೇ, ಏಪ್ರಿಲ್ ಮೇ ತಿಂಗಳುಗಳ ಅಪರಾಹ್ನಗಳಲ್ಲಿ, ಇಲ್ಲಿ ಆಕಾಶ ಕಪ್ಪಿಟ್ಟು ಗುಡುಗು ಮಿಂಚುಗಳ ಅಬ್ಬರ ಆರಂಭವಾಗುತ್ತದೆ. ಹಗಲೆಲ್ಲ ಕಾದ ನೆಲ, ಸಂಜೆಯ ಹೊತ್ತಿಗೆ ಏಳುವ ಗಾಳಿ, ಅದರ ಹಿಂದೆಯೇ ಕಣ್ಣು ಕೋರೈಸುವ ಮಿಂಚು. ಇಂತಹ ಹೊತ್ತಿನಲ್ಲಿ ಮನೆಯ ಹಿರಿಯರು ಮಕ್ಕಳನ್ನು ಹತ್ತಿರ ಕೂರಿಸಿಕೊಂಡು ಅರ್ಜುನನ ಹತ್ತು ಹೆಸರುಗಳನ್ನು ಹೇಳಿಸುವ ವಾಡಿಕೆ ಕನ್ನಡ ನಾಡಿನ ಬಹುಭಾಗದಲ್ಲಿರುವಂತೆ ಇಲ್ಲಿಯೂ ಉಂಟು. ಗುಡುಗು ಪಾರ್ಥನ ರಥದ ಸದ್ದೆಂದೂ ಹೆಸರು ಹೇಳಿದವರನ್ನು ಅವನು ಗುರುತಿಸಿ ಬಿಟ್ಟುಬಿಡುವನೆಂದೂ ಮಕ್ಕಳಿಗೆ ಹೇಳುವುದುಂಟು. ಇದು ಭಯವನ್ನು ಕಳೆಯುವ ಉಪಾಯವೆಂಬುದು ಸ್ಪಷ್ಟ. ಆದರೆ ಇದರ ಒಳಗೆ ಒಂದು ನಂಬಿಕೆಯೂ ಅಡಗಿದೆ. ಆಕಾಶದಲ್ಲಿ ಸದ್ದು ಮಾಡುತ್ತಿರುವುದು ಜಡವಲ್ಲ, ಅಲ್ಲಿ ಯಾರೋ ಇದ್ದಾರೆ, ಆ ಯಾರೋ ಒಂದು ಕಾಲಕ್ಕೆ ನಮ್ಮಂತೆಯೇ ಮನುಷ್ಯರಾಗಿದ್ದವರು ಎಂಬುದೇ ಆ ನಂಬಿಕೆ.

ಮನುಷ್ಯರು ಪ್ರಕೃತಿಯ ರೂಪ ತಾಳುವ ಕಥೆಗಳು ನಮ್ಮ ಜನಪದದಲ್ಲಿ ವಿಪುಲವಾಗಿವೆ. ಹೂವಿನ ಗಿಡವಾಗುವ ಹುಡುಗಿಯ ಕಥೆಯನ್ನು ಎ.ಕೆ. ರಾಮಾನುಜನ್ ಅವರು ಲೋಕಕ್ಕೆಲ್ಲ ಪರಿಚಯಿಸಿದರು. ಕೆರೆಗೆ ಹಾರವಾದ ಸೊಸೆಯ ಹಾಡನ್ನು ಕೇಳದ ಕನ್ನಡಿಗನಿಲ್ಲ. ಸೊರಬ ತಾಲೂಕಿನ ಚಂದ್ರಗುತ್ತಿಯ ಗುಹೆಯಲ್ಲಿ ಬಂಡೆಯ ರೂಪವೇ ರೇಣುಕೆಯೆಂದು, ಗುತ್ತ್ಯಮ್ಮನೆಂದು ಪೂಜೆಗೊಳ್ಳುತ್ತದೆ. ಶಿಕಾರಿಪುರ ತಾಲೂಕಿನ ಬಳ್ಳಿಗಾವೆಯ ಅಲ್ಲಮನೂ ಉಡುತಡಿಯ ಅಕ್ಕನೂ ಬಯಲಾದರೆಂದು ಶರಣ ಪರಂಪರೆ ಹೇಳುತ್ತದೆ. ಮರವಾದವಳು ನೆರಳು ಕೊಡುತ್ತಾಳೆ, ನೀರಾದವಳು ಗದ್ದೆಗೆ ಹರಿಯುತ್ತಾಳೆ, ಕಲ್ಲಾದವಳು ಇದ್ದಲ್ಲೇ ಇರುತ್ತಾಳೆ. ಸಿಡಿಲಾದವರ ಸಂಗತಿ ಬೇರೆ. ಸಿಡಿಲು ನಿಲ್ಲುವುದಿಲ್ಲ, ಉಣಿಸುವುದಿಲ್ಲ, ಎರಗಿ ಹೋಗುತ್ತದೆ. ಮನುಷ್ಯನಾದವನು ಅಂತಹ ರೂಪವನ್ನು ಏಕೆ ತಾಳಬೇಕು? ಈ ಪ್ರಶ್ನೆಗೆ ಜನಪದರು ಕೊಟ್ಟ ಉತ್ತರವನ್ನೂ ಇದೇ ನಾಡಿನ ಜೈನ ಪುರಾಣಕಾರರು ಕೊಟ್ಟ ಉತ್ತರವನ್ನೂ ಅಕ್ಕಪಕ್ಕದಲ್ಲಿಟ್ಟು ನೋಡುವುದು ಈ ಲೇಖನದ ಉದ್ದೇಶ.

ಜನಪದರ ಉತ್ತರ ಏನೆಂಬುದನ್ನು ನಾನು ತಿಳಿದದ್ದು ಪುಸ್ತಕದಿಂದಲ್ಲ. ನನ್ನ ಬಾಲ್ಯದಲ್ಲಿ ಸೊರಬ ಸೀಮೆಯ ನಮ್ಮ ಹಳ್ಳಿಯಲ್ಲಿ, ಗದ್ದೆಯಿಂದ ಎತ್ತು ಹೊಡೆದುಕೊಂಡು ಬರುತ್ತಿದ್ದ ರೈತನೊಬ್ಬ ಮಳೆಗೆ ಹೆದರಿ ಮಾವಿನ ಮರದ ಕೆಳಗೆ ನಿಂತು ಸಿಡಿಲಿಗೆ ಬಲಿಯಾದ. ಮೊದಲ ದಿನ ಊರೆಲ್ಲ ಅತ್ತಿತು. ಮೂರನೆಯ ದಿನದ ಹೊತ್ತಿಗೆ ಊರು ಅವನ ಪಾಪವನ್ನು ಹುಡುಕತೊಡಗಿತ್ತು. ಗಡಿಯ ಕಲ್ಲು ಸರಿಸಿದ್ದನೆಂದು ಒಬ್ಬರು, ದಾಯಾದಿಯ ವಿಧವೆಗೆ ಪಾಲು ಕೊಟ್ಟಿರಲಿಲ್ಲವೆಂದು ಮತ್ತೊಬ್ಬರು. ಯಾರ ನಿಟ್ಟುಸಿರು ಸಿಡಿಲಾಯಿತೋ ಎಂದು ಕಟ್ಟೆಯ ಮೇಲೆ ಕುಳಿತ ಹಿರಿಯರು ಹೇಳಿದ ಮಾತು ಅವನ ಹೆಂಡತಿಯ ಕಿವಿಗೂ ಬಿದ್ದಿತು. ನೊಂದವರ ಉಸಿರು ಆಕಾಶಕ್ಕೇರಿ ಸಿಡಿಲಾಗಿ ನೋಯಿಸಿದವನ ಮೇಲೆ ಎರಗುತ್ತದೆ ಎಂಬ ಈ ಭಾವನೆಯಲ್ಲಿ ಒಂದು ನ್ಯಾಯದ ಹಂಬಲವಿದೆ, ಅದನ್ನು ನಾನು ಅಲ್ಲಗಳೆಯಲಾರೆ. ಪಂಚಾಯತಿಯಲ್ಲಿ ಬಾಯಿ ಬಿಡಲಾಗದವರಿಗೆ ಆಕಾಶವಾದರೂ ಬಾಯಾಗಲಿ ಎಂದು ಜನ ಬಯಸಿದರು. ಆದರೆ ಆ ಬಯಕೆಯ ಬೆಲೆಯನ್ನು ತೆತ್ತವಳು ಯಾರಿಗೂ ಅನ್ಯಾಯ ಮಾಡದ ಒಬ್ಬ ಹೆಂಗಸು. ಗಂಡನನ್ನು ಕಳೆದುಕೊಂಡ ದುಃಖದ ಮೇಲೆ ಅವನು ಪಾಪಿಯೆಂಬ ಮಾತನ್ನೂ ಅವಳು ಹೊರಬೇಕಾಯಿತು. ಭಾರತದಲ್ಲಿ ೨೦೨೨ನೆಯ ಒಂದೇ ವರ್ಷದಲ್ಲಿ ಸಿಡಿಲಿಗೆ ಸತ್ತವರ ಸಂಖ್ಯೆ ೨,೮೦೦ನ್ನು ಮೀರಿತ್ತು. ಅವರಲ್ಲಿ ಬಹುಮಂದಿ ತೆರೆದ ಹೊಲದಲ್ಲಿ ದುಡಿಯುವವರು, ದನ ಕಾಯುವವರು, ಮರದಡಿ ಆಶ್ರಯ ಪಡೆದವರು. ಸಿಡಿಲು ಪಾಪಿಗಳನ್ನು ಆರಿಸುವುದಾದರೆ ಮಾಳಿಗೆಯ ಮನೆಯವರನ್ನು ಇಷ್ಟು ಬಿಟ್ಟು ಹೋಗುವುದೇಕೆಂದು ಯಾರೂ ಕೇಳುವುದಿಲ್ಲ.

ನೊಂದ ಜೀವ ಮಿಂಚಾಗುವ ಕಥೆಗಳಲ್ಲಿ ಎಲ್ಲರಿಗೂ ತಿಳಿದದ್ದು ಕಂಸನ ಕೈಯಿಂದ ಜಾರಿದ ಹೆಣ್ಣು ಮಗುವಿನದು. ಕೃಷ್ಣನಿಗೆ ಬದಲಾಗಿ ಸೆರೆಮನೆಗೆ ತಂದಿಟ್ಟ ಆ ಶಿಶುವನ್ನು ಕಂಸ ಬಂಡೆಗೆ ಅಪ್ಪಳಿಸಲು ಎತ್ತಿದಾಗ ಅದು ಅವನ ಹಿಡಿತದಿಂದ ನುಣುಚಿಕೊಂಡು ಆಕಾಶಕ್ಕೇರಿ ದೇವಿಯಾಗಿ ಅವನ ಮರಣವನ್ನು ಸಾರಿತೆಂದು ಭಾಗವತ ಹೇಳುತ್ತದೆ. ಮುಗಿಲಿನಲ್ಲಿ ಹೊಳೆಯುವ ಮಿಂಚು ಅವಳೇ ಎಂದು ಜನಪದರು ಅದಕ್ಕೆ ಸೇರಿಸಿಕೊಂಡರು. ಕೇಳುವವರ ಮನಸ್ಸಿಗೆ ಇದರಿಂದ ಆಗುವ ತೃಪ್ತಿ ಅಷ್ಟಿಷ್ಟಲ್ಲ. ಮಗು ಉಳಿಯಿತು, ಕೊಲೆಗಾರ ಹೆದರಿದ.

ಇದೇ ಕಥೆಯನ್ನು ಪುನ್ನಾಟ ಸಂಘದ ಜಿನಸೇನಾಚಾರ್ಯರು ತಮ್ಮ ಹರಿವಂಶಪುರಾಣದಲ್ಲಿ ಹೇಳಿದ್ದಾರೆ. ಆ ಕೃತಿ ಮುಗಿದದ್ದು ಶಕ ೭೦೫ರಲ್ಲಿ, ಎಂದರೆ ಕ್ರಿ.ಶ. ೭೮೩ರಲ್ಲಿ. ಅದು ರಚಿತವಾದದ್ದು ವರ್ಧಮಾನಪುರದಲ್ಲಾದರೂ ಆ ಮುನಿಸಂಘದ ಹೆಸರಿನಲ್ಲಿರುವ ಪುನ್ನಾಟ ದಕ್ಷಿಣ ಕರ್ಣಾಟಕದ ಪುನ್ನಾಡು. ಇಲ್ಲಿ ಆ ಹೆಣ್ಣು ಮಗು ಮಿಂಚಾಗುವುದಿಲ್ಲ. ಹೆಣ್ಣೆಂದು ಅದನ್ನು ಕೊಲ್ಲದೆ ಬಿಟ್ಟ ಕಂಸ ಅದರ ಮೂಗನ್ನು ಒತ್ತಿ ಚಪ್ಪಟೆಯಾಗಿಸುತ್ತಾನೆ, ಅಷ್ಟೇ. ಮಗು ಬೆಳೆಯುತ್ತದೆ. ವಿರೂಪಗೊಂಡ ತನ್ನ ಮುಖವನ್ನು ಕಂಡು, ತನ್ನ ಕರ್ಮವನ್ನು ವಿಚಾರಿಸಿ ವಿರಕ್ತಳಾಗಿ ಆಕೆ ಆರ್ಯಿಕೆಯ ದೀಕ್ಷೆ ಪಡೆಯುತ್ತಾಳೆ. ವಿಂಧ್ಯದ ಕಾಡಿನಲ್ಲಿ ಧ್ಯಾನದಲ್ಲಿದ್ದಾಗ ಸಿಂಹಕ್ಕೆ ಆಹಾರವಾಗುತ್ತಾಳೆ. ಉಳಿದದ್ದು ಮೂರು ಬೆರಳು. ಅವಳ ಸ್ವಭಾವವನ್ನು ಅರಿಯದ ಕಾಡಿನವರು ಆ ಬೆರಳುಗಳನ್ನೇ ದೇವತೆಯೆಂದು ನಿಲ್ಲಿಸಿ ಕೋಣನ ಬಲಿ ಕೊಡಲಾರಂಭಿಸಿದರೆಂದು ಹೇಳಿ ಆಚಾರ್ಯರು ನಿಟ್ಟುಸಿರಿಡುತ್ತಾರೆ. ಒಂದು ಇರುವೆಗೂ ನೋವಾಗದಂತೆ ನಡೆದವಳ ಹೆಸರಿನಲ್ಲಿ ರಕ್ತ ಹರಿಯಿತು.

ಮೊದಲ ಬಾರಿ ಇದನ್ನು ಓದಿದಾಗ ನನಗೆ ನಿರಾಶೆಯಾಯಿತೆಂದು ಒಪ್ಪಿಕೊಳ್ಳಬೇಕು. ಮಿಂಚನ್ನು ಕಸಿದುಕೊಂಡು ಚಪ್ಪಟೆ ಮೂಗನ್ನು ಕೊಡುವ ಕವಿ ರಸಿಕನೇ ಎನಿಸಿತು. ಮತ್ತೆ ಮತ್ತೆ ಓದಿದಾಗ ಬೇರೊಂದು ಹೊಳೆಯಿತು. ಮಿಂಚಾದ ಮಗುವಿಗೆ ಬದುಕಿಲ್ಲ. ಅದು ಕಂಸನಿಗೆ ಕೊಟ್ಟ ಒಂದು ಎಚ್ಚರಿಕೆ ಮಾತ್ರ. ಜಿನಸೇನರ ಮಗುವಿಗೆ ಬಾಲ್ಯವಿದೆ, ಕನ್ನಡಿ ನೋಡಿ ನೊಂದ ಗಳಿಗೆಯಿದೆ, ತಾನೇ ಆರಿಸಿಕೊಂಡ ದಾರಿಯಿದೆ. ಅನ್ಯಾಯಕ್ಕೊಳಗಾದವಳನ್ನು ಆಕಾಶಕ್ಕೆ ಕಳುಹಿಸಿ ಕೈತೊಳೆದುಕೊಳ್ಳದೆ ಅವಳನ್ನು ನೆಲದ ಮೇಲೆ ಉಳಿಸಿ ಅವಳು ಮುಂದೇನಾದಳೆಂದು ಕೇಳಿದ ಕವಿ ಅವರು.

ಹಾಗೆಂದು ಮನುಷ್ಯ ಗುಡುಗಾಗುವುದನ್ನು ಜೈನ ಪರಂಪರೆ ಒಪ್ಪುವುದಿಲ್ಲವೆಂದು ವಾಚಕರು ಭಾವಿಸಬಾರದು. ಒಪ್ಪುತ್ತದೆ, ಮತ್ತು ಬಹಳ ವಿವರವಾಗಿ ಒಪ್ಪುತ್ತದೆ. ತತ್ತ್ವಾರ್ಥಸೂತ್ರದ ನಾಲ್ಕನೆಯ ಅಧ್ಯಾಯದಲ್ಲಿ ಭವನವಾಸಿ ದೇವರ ಹತ್ತು ಪ್ರಭೇದಗಳನ್ನು ಎಣಿಸುವಾಗ ವಿದ್ಯುತ್ಕುಮಾರ, ಅಗ್ನಿಕುಮಾರ, ವಾತಕುಮಾರ, ಸ್ತನಿತಕುಮಾರ, ಉದಧಿಕುಮಾರ ಎಂಬ ಹೆಸರುಗಳು ಬರುತ್ತವೆ. ಸ್ತನಿತವೆಂದರೆ ಗುಡುಗು. ಮನುಷ್ಯನಾಗಿ ಬಾಳಿದ ಜೀವ ತನ್ನ ಆಯುಷ್ಯ ಮುಗಿದ ಮೇಲೆ ಮಿಂಚಿನ ಕುಮಾರನೋ ಗುಡುಗಿನ ಕುಮಾರನೋ ಆಗಿ ಹುಟ್ಟಬಹುದು. ಆದರೆ ಸಮ್ಯಗ್ದೃಷ್ಟಿಯುಳ್ಳ ಜೀವ ಆ ನಿಕಾಯದಲ್ಲಿ ಹುಟ್ಟುವುದಿಲ್ಲವೆಂದು ಶಾಸ್ತ್ರ ಹೇಳುತ್ತದೆ. ಹಾಗಾಗಿ ಗುಡುಗಿನ ಪದವಿ ದೇವಪದವಿಯೇ ಆದರೂ ಅದು ಹೆಮ್ಮೆಪಡುವಂಥದಲ್ಲ, ತಿಳಿವಿಲ್ಲದ ತಪಸ್ಸಿನ ಫಲ. ಇನ್ನು ಕಣ್ಣಿಗೆ ಕಾಣುವ ಮಿಂಚು ಸಿಡಿಲುಗಳನ್ನು ಆಗಮಗಳು ತೇಜಸ್ಕಾಯದಲ್ಲಿ ಸೇರಿಸುತ್ತವೆ. ಬೆಂಕಿಯನ್ನೇ ಮೈಯಾಗಿ ಉಳ್ಳ ಏಕೇಂದ್ರಿಯ ಜೀವಗಳು ಅವು. ಇಲ್ಲಿ ಒಂದು ಸೂಕ್ಷ್ಮವಾದ ನಿಯಮವಿದೆ. ಮನುಷ್ಯ ಸತ್ತು ತೇಜಸ್ಕಾಯದಲ್ಲಿ ಹುಟ್ಟಬಹುದು, ಆದರೆ ತೇಜಸ್ಕಾಯ ವಾಯುಕಾಯಗಳ ಜೀವ ಅಲ್ಲಿಂದ ನೇರವಾಗಿ ಮನುಷ್ಯನಾಗಿ ಹುಟ್ಟಲಾರದು. ನೆಲ, ನೀರು, ಮರಗಳಿಗೆ ಇರುವ ದಾರಿ ಬೆಂಕಿಗೂ ಗಾಳಿಗೂ ಇಲ್ಲ. ಮನುಷ್ಯ ಮಿಂಚಾಗುವುದು ಸುಲಭ, ಮಿಂಚು ಮನುಷ್ಯನಾಗುವುದು ದೀರ್ಘಕಾಲದ ಕೆಲಸ. (ವಿದ್ಯುತ್ತಿನಲ್ಲಿ ಜೀವವಿದೆಯೇ, ಮುನಿಗಳು ಧ್ವನಿವರ್ಧಕ ಬಳಸಬಹುದೇ ಎಂಬ ವಾದ ಇಪ್ಪತ್ತನೆಯ ಶತಮಾನದಲ್ಲಿ ಶ್ವೇತಾಂಬರ ಸಂಘಗಳಲ್ಲಿ ಜೋರಾಗಿ ನಡೆದದ್ದು ಈ ನಂಬಿಕೆಯ ಮೇಲೆಯೇ. ನಗುವವರು ನಗಲಿ, ಗುಂಡಿ ಒತ್ತುವ ಮುನ್ನ ಒಂದು ಕ್ಷಣ ಯೋಚಿಸಿದವರು ಅವರು.) ಇಂತಹ ಸಿಡಿಲು ಯಾರನ್ನೂ ಶಿಕ್ಷಿಸಲು ಬರುವ ದೂತನಲ್ಲ. ಅದೂ ತನ್ನ ಕರ್ಮಕ್ಕೆ ಕಟ್ಟುಬಿದ್ದ ಒಂದು ಜೀವ, ಕಿವಿಯಿಲ್ಲದ್ದು, ಕಣ್ಣಿಲ್ಲದ್ದು. ಗಡಿಯ ಕಲ್ಲನ್ನು ಯಾರು ಸರಿಸಿದರೆಂಬುದು ಅದಕ್ಕೆ ತಿಳಿಯದು.

ಹೀಗಿರುವಾಗ ಮನುಷ್ಯನೊಬ್ಬ ಬಿರುಗಾಳಿಯೂ ಸಿಡಿಲೂ ಆಗಿ ಬಂದ ಕಥೆಯನ್ನು ನಮ್ಮ ಪೂರ್ವಿಕರು ಅತ್ಯಂತ ಆದರದಿಂದ ಕಾಪಾಡಿಕೊಂಡು ಬಂದಿದ್ದಾರೆ. ಅದು ಕಮಠನ ಕಥೆ. ಗುಣಭದ್ರಾಚಾರ್ಯರ ಉತ್ತರಪುರಾಣದಲ್ಲಿ ಅದು ಅಡಕವಾಗಿ ಬಂದಿದೆ. ಆ ಗ್ರಂಥಕ್ಕೆ ಪೂಜೆ ಸಂದದ್ದು ಶಕ ೮೨೦ರಲ್ಲಿ, ಎಂದರೆ ಕ್ರಿ.ಶ. ೮೯೮ರ ಸುಮಾರಿಗೆ, ಬಂಕಾಪುರದಲ್ಲಿ. ರಾಷ್ಟ್ರಕೂಟ ಅಕಾಲವರ್ಷ ಇಮ್ಮಡಿ ಕೃಷ್ಣನ ಕೈಕೆಳಗೆ ಲೋಕಾದಿತ್ಯನು ಬನವಾಸಿ ನಾಡನ್ನು ಆಳುತ್ತಿದ್ದ ಕಾಲವದು. ಆ ಊರಿಗೆ ಲೋಕಾದಿತ್ಯನ ತಂದೆ ಬಂಕೇಯನ ಹೆಸರು. ಇಂದು ಹಾವೇರಿ ಜಿಲ್ಲೆಯಲ್ಲಿರುವ ಬಂಕಾಪುರ ನಮ್ಮ ಸೀಮೆಗೆ ದೂರದ್ದೇನಲ್ಲ. ಶಿಕಾರಿಪುರ ಸೊರಬಗಳ ಪ್ರದೇಶ ಆಗ ನಾಗರಖಂಡ ಎಪ್ಪತ್ತು ಎಂಬ ಹೆಸರಿನಿಂದ ಅದೇ ಬನವಾಸಿ ನಾಡಿಗೆ ಸೇರಿತ್ತು.

ಕಥೆ ತೊಡಗುವುದು ಪೋದನಪುರದಲ್ಲಿ, ಅರವಿಂದ ರಾಜನ ಕಾಲದಲ್ಲಿ. ಕಮಠ, ಮರುಭೂತಿ ಅಣ್ಣತಮ್ಮಂದಿರು. ತಮ್ಮನ ಹೆಂಡತಿ ವಸುಂಧರಿಯ ಮೇಲೆ ಅಣ್ಣನ ಕಣ್ಣು ಬಿತ್ತು. ಅದರಿಂದ ಹುಟ್ಟಿದ ವೈರದಲ್ಲಿ ಅಣ್ಣ ತಮ್ಮನನ್ನು ಕೊಂದ. ಕಥೆಯ ಬೆಳೆದ ರೂಪಗಳಲ್ಲಿ ರಾಜನಿಂದ ದೇಶಭ್ರಷ್ಟನಾಗಿ ಬೆಟ್ಟದಲ್ಲಿ ತಪಸ್ಸಿಗೆ ನಿಂತ ಅಣ್ಣನನ್ನು ಹುಡುಕಿಕೊಂಡು ತಮ್ಮ ಹೋಗುತ್ತಾನೆ, ತಾನೇ ಕ್ಷಮೆ ಕೇಳಲು ಬಾಗುತ್ತಾನೆ, ಬಾಗಿದ ತಲೆಯ ಮೇಲೆ ಅಣ್ಣ ಬಂಡೆಯನ್ನು ಎತ್ತಿಹಾಕುತ್ತಾನೆ. ವಾದಿರಾಜರು ೧೦೨೫ರಲ್ಲಿ ಸಂಸ್ಕೃತದಲ್ಲಿಯೂ ೧೩ನೆಯ ಶತಮಾನದಲ್ಲಿ ಪಾರ್ಶ್ವಪಂಡಿತ ಕನ್ನಡದಲ್ಲಿಯೂ ಈ ಚರಿತೆಯನ್ನು ವಿಸ್ತರಿಸಿ ಬರೆದರು.

ಇಲ್ಲಿಂದ ಮುಂದಿನ ಸಂಗತಿಯನ್ನು ಸಾಮಾನ್ಯವಾಗಿ ನಾವು ಅವಸರದಲ್ಲಿ ದಾಟಿಬಿಡುತ್ತೇವೆ. ನೋವಿನಲ್ಲಿ ಸತ್ತ ಮರುಭೂತಿ ನೇರವಾಗಿ ಸ್ವರ್ಗಕ್ಕೆ ಹೋಗುವುದಿಲ್ಲ. ಅವನು ಕಾಡಾನೆಯಾಗಿ ಹುಟ್ಟುತ್ತಾನೆ, ಮತ್ತು ಆ ಆನೆಯ ಹೆಸರು ವಜ್ರಘೋಷ. ಸಿಡಿಲಿನ ದನಿಯುಳ್ಳದ್ದು! ಅನ್ಯಾಯಕ್ಕೆ ಒಳಗಾದವನೇ ಮೊದಲು ಗುಡುಗಾದ. ಕಟ್ಟೆಯ ಮೇಲಿನ ಹಿರಿಯರು ಹೇಳಿದ ಮಾತು ಇಷ್ಟರಮಟ್ಟಿಗೆ ನಿಜವೆಂದು ಪುರಾಣಕಾರನೂ ತಲೆದೂಗುತ್ತಾನೆ. ನೊಂದವನಲ್ಲಿ ಗುಡುಗು ಹುಟ್ಟುತ್ತದೆ. ಆ ಆನೆ ಮದದಿಂದ ಯಾತ್ರಿಕರ ಸಾರ್ಥದ ಮೇಲೆ ನುಗ್ಗಿತು. ಸಾರ್ಥದ ನಡುವೆ ಪ್ರತಿಮಾಯೋಗದಲ್ಲಿ ನಿಂತವರು ಅದೇ ಅರವಿಂದ ರಾಜ, ಈಗ ಮುನಿ. (ಅವರಿಗೆ ವೈರಾಗ್ಯ ಬಂದ ಬಗೆಯನ್ನು ಹೇಮಚಂದ್ರಾಚಾರ್ಯರು ಹೇಳಿರುವುದನ್ನು ನೆನೆಯಬೇಕು. ಮಿಂಚು ಕಾಮನಬಿಲ್ಲುಗಳೊಡನೆ ತುಂಬಿ ಬಂದ ಮೋಡವೊಂದು ನೋಡನೋಡುತ್ತಿದ್ದಂತೆ ಗಾಳಿಗೆ ಚೆದರಿಹೋದದ್ದನ್ನು ಅರಮನೆಯ ಮೇಲಿನಿಂದ ಕಂಡು ಅವರು ರಾಜ್ಯವನ್ನು ಬಿಟ್ಟರಂತೆ.) ಮುನಿಯ ಎದೆಯ ಗುರುತನ್ನು ಕಂಡ ಆನೆಗೆ ಹಿಂದಿನ ಭವದ ಸ್ಮರಣೆಯಾಯಿತು. ಸೊಂಡಿಲು ಇಳಿಸಿತು. ಶ್ರಾವಕವ್ರತಗಳನ್ನು ಕೈಕೊಂಡಿತು. ಉಪವಾಸದಿಂದ ಕೃಶವಾದ ಆ ಪ್ರಾಣಿ ಒಮ್ಮೆ ನೀರಿಗಿಳಿದು ಕೆಸರಿನಲ್ಲಿ ಸಿಕ್ಕಿಕೊಂಡಾಗ, ಹಾವಾಗಿ ಹುಟ್ಟಿದ್ದ ಕಮಠ ಬಂದು ಕಚ್ಚಿದ. ಆನೆ ಈ ಸಲ ಗುಡುಗಲಿಲ್ಲ.

ಮುಂದಿನ ಭವಗಳಲ್ಲಿ ಇಬ್ಬರೂ ಬೇರೆ ಬೇರೆ ರೂಪಗಳಲ್ಲಿ ಎದುರಾಗುತ್ತಲೇ ಹೋಗುತ್ತಾರೆ. ಒಬ್ಬ ಮುನಿಯಾದಾಗ ಮತ್ತೊಬ್ಬ ಹೆಬ್ಬಾವು, ಒಬ್ಬ ಚಕ್ರವರ್ತಿಯಾಗಿ ತಪಸ್ಸಿಗೆ ನಿಂತಾಗ ಮತ್ತೊಬ್ಬ ಬೇಡ, ಮತ್ತೊಮ್ಮೆ ಸಿಂಹ. ಕೊನೆಗೆ ಮರುಭೂತಿಯ ಜೀವ ವಾರಾಣಸಿಯಲ್ಲಿ ಪಾರ್ಶ್ವಕುಮಾರನಾಗಿ ಜನಿಸುತ್ತದೆ. ಕಮಠನ ಜೀವ ಪಂಚಾಗ್ನಿಯ ನಡುವೆ ಕುಳಿತ ತಾಪಸನಾಗಿರುತ್ತದೆ. ಅವನು ಕಡಿಯಹೊರಟ ಕಟ್ಟಿಗೆಯಲ್ಲಿ ಹಾವುಗಳ ಜೋಡಿಯಿದೆಯೆಂದು ಕುಮಾರ ತಡೆದರೂ ಅವನು ಕೇಳಲಿಲ್ಲ. ಹಾವುಗಳು ತುಂಡಾದವು. ಆ ತಾಪಸನೇ ಸತ್ತು ಶಂಬರನೆಂಬ ಜ್ಯೋತಿಷ್ಕ ದೇವನಾದ. ಪಾರ್ಶ್ವನಾಥರು ಧ್ಯಾನದಲ್ಲಿ ನಿಂತಿರುವಾಗ ಆಕಾಶಮಾರ್ಗದಲ್ಲಿ ಹೋಗುತ್ತಿದ್ದ ಅವನ ವಿಮಾನ ತಡೆದು ನಿಂತಿತು. ಕೆಳಗೆ ನೋಡಿದ, ಗುರುತು ಹಿಡಿದ. ಏಳು ದಿನ ಬಿರುಗಾಳಿ, ಮಳೆ, ಗುಡುಗು, ಬಂಡೆಗಳ ವೃಷ್ಟಿ. ಶ್ವೇತಾಂಬರ ಪರಂಪರೆ ಅವನನ್ನು ಮೇಘಮಾಲಿಯೆಂದು ಕರೆಯುತ್ತದೆ, ಹೆಸರಿನಲ್ಲಿಯೇ ಮೋಡವಿದೆ. ಧರಣೇಂದ್ರನೂ ಪದ್ಮಾವತಿಯೂ ಹೆಡೆಯೆತ್ತಿ ಕೊಡೆ ಹಿಡಿದು ನಿಂತ ಆ ದೃಶ್ಯವನ್ನು ಪ್ರತಿಯೊಂದು ಪಾರ್ಶ್ವಬಿಂಬದಲ್ಲಿಯೂ ನಾವು ನೋಡುತ್ತೇವೆ.

ಗುಣಭದ್ರರ ಗುರುಗಳಾದ, ಅಮೋಘವರ್ಷ ನೃಪತುಂಗನ ಕಾಲದ ಜಿನಸೇನರು (ಹರಿವಂಶದ ಜಿನಸೇನರಲ್ಲ, ಆದಿಪುರಾಣದ ಜಿನಸೇನರು) ಇದೇ ಪ್ರಸಂಗವನ್ನು ಆರಿಸಿಕೊಂಡು ಪಾರ್ಶ್ವಾಭ್ಯುದಯವನ್ನು ರಚಿಸಿದರು. ಕಾಳಿದಾಸನ ಮೇಘದೂತದ ಸಾಲುಗಳನ್ನೆಲ್ಲ ಒಂದೊಂದಾಗಿ, ಎರಡೆರಡಾಗಿ ತಮ್ಮ ಪದ್ಯಗಳೊಳಗೆ ಹೆಣೆದು ಕಟ್ಟಿದ ಕಾವ್ಯವದು. ಮೇಘದೂತದ ಪಾಠವನ್ನು ನಿರ್ಣಯಿಸುವವರು ಇಂದಿಗೂ ಅದರತ್ತ ತಿರುಗುತ್ತಾರೆ. ವಿದ್ವಾಂಸರು ಇದನ್ನು ಚಮತ್ಕಾರವೆಂದು ಮೆಚ್ಚುವುದುಂಟು. ನನಗನ್ನಿಸುವಂತೆ ಇದು ಚಮತ್ಕಾರಕ್ಕಿಂತ ಹೆಚ್ಚಿನದು. ಪ್ರೀತಿಯ ಸಂದೇಶವನ್ನು ಹೊತ್ತೊಯ್ದ ಅದೇ ಮೋಡ ಹತ್ತು ಭವದ ಹಗೆಯನ್ನೂ ಹೊರಬಲ್ಲದು. ಮೋಡದಲ್ಲಿ ಗುಣವೂ ಇಲ್ಲ, ದೋಷವೂ ಇಲ್ಲ. ಅದರೊಳಗೆ ಏನನ್ನು ತುಂಬಿ ಕಳುಹಿಸಿದರೆಂಬುದೇ ಪ್ರಶ್ನೆ.

ಕಮಠನ ವಿಷಯದಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಅವನು ಆಕಾಶಕ್ಕೇರಿದ್ದರಿಂದ ಸಿಡಿಲಾಗಲಿಲ್ಲ. ಬಂಡೆಯನ್ನು ಎತ್ತಿದ ದಿನವೇ ಸಿಡಿಲಾಗಿದ್ದ. ಒಂಬತ್ತು ಭವ ಕಳೆದ ಮೇಲೆ ಮೈಯೂ ಅದಕ್ಕೆ ತಕ್ಕಂತಾಯಿತು, ಅಷ್ಟೇ. ಮತ್ತು ಗುಡುಗಿ ಗುಡುಗಿ ಅವನ ಕೋಪ ಕಡಿಮೆಯಾಗಲಿಲ್ಲ. ಏಳನೆಯ ದಿನವೂ ಅದು ಮೊದಲ ದಿನದಷ್ಟೇ ಇತ್ತು. ಅದು ಶಾಂತವಾದದ್ದು ಪಾರ್ಶ್ವನಾಥರಿಗೆ ಕೇವಲಜ್ಞಾನ ಉದಿಸಿದಾಗ. ಅವರು ಅವನನ್ನು ಶಪಿಸಲಿಲ್ಲ, ಅವನ ಮೇಲೆ ಪ್ರತಿಸಿಡಿಲು ಎಸೆಯಲಿಲ್ಲ. ಶಂಬರನು ಕಾಲಲಬ್ಧಿಯಿಂದ ಶಾಂತನಾಗಿ ಸಮ್ಯಕ್ತ್ವವನ್ನು ಪಡೆದನೆಂದೂ ಅದನ್ನು ಕಂಡು ಆ ಕಾಡಿನಲ್ಲಿದ್ದ ಏಳುನೂರು ತಾಪಸರು ಸಂಯಮವನ್ನು ಕೈಕೊಂಡರೆಂದೂ ಗುಣಭದ್ರರು ಹೇಳುತ್ತಾರೆ. ಎಲ್ಲೋರದ ಜೈನ ಗುಹೆಗಳಲ್ಲಿ ಇದನ್ನು ಶಿಲ್ಪಿಗಳು ಬಿಡಿಸಿರುವ ರೀತಿ ಮನಮುಟ್ಟುವಂಥದು. ಮೇಲೆ ಬಂಡೆಯೆತ್ತಿ ಎರಗುವ ಭೀಕರ ಮೂರ್ತಿಗಳು. ಕೆಳಗೆ ಕೈಮುಗಿದು ಬಾಗಿದ ಒಬ್ಬ. ಮೇಲಿನವನೂ ಕೆಳಗಿನವನೂ ಒಬ್ಬನೇ.

ನಮ್ಮ ಸೀಮೆಯ ಜನ ಈ ಕಥೆಯನ್ನು ಓದಿ ಮಾತ್ರ ತಿಳಿದವರಲ್ಲ. ಸೊರಬ ತಾಲೂಕಿನ ಕುಪ್ಪಟೂರಿನಲ್ಲಿ ೧೧ನೆಯ ಶತಮಾನದ ಉತ್ತರಾರ್ಧದಲ್ಲಿ ಕದಂಬ ಕೀರ್ತಿದೇವನ ಪಟ್ಟದರಸಿ ಮಾಳಲದೇವಿ ಪಾರ್ಶ್ವದೇವ ಚೈತ್ಯಾಲಯವನ್ನು ಪದ್ಮನಂದಿ ಸಿದ್ಧಾಂತದೇವರಿಂದ ಪ್ರತಿಷ್ಠೆ ಮಾಡಿಸಿದಳು. ಅದು ಬ್ರಾಹ್ಮಣರ ಅಗ್ರಹಾರ. ಆ ಅಗ್ರಹಾರದ ಮಹಾಜನರೇ ಬಸದಿಗೆ ಬ್ರಹ್ಮಜಿನಾಲಯವೆಂದು ಹೆಸರಿಟ್ಟರು. ಹಗೆಯ ಮಳೆಯ ಕೆಳಗೆ ನಿಶ್ಚಲನಾಗಿ ನಿಂತವನ ಗುಡಿಗೆ ನೆರೆಯ ಮತದವರು ಹೆಸರಿಟ್ಟ ಈ ಸಂಗತಿಯನ್ನು ಊರಿನ ಚರಿತ್ರೆ ಬರೆಯುವವರು ಒಂದು ವಾಕ್ಯದಲ್ಲಿ ಮುಗಿಸಬಾರದು.

ಇದೇ ನೆಲದಲ್ಲಿ ಸಿಡಿಲಿನಂತಹ ಮನುಷ್ಯರಿಗೂ ಕೊರತೆಯಿರಲಿಲ್ಲ. ಶಿಕಾರಿಪುರ ತಾಲೂಕಿನ ತಾಳಗುಂದದಲ್ಲಿ ಪ್ರಣವೇಶ್ವರ ದೇವಾಲಯದ ಮುಂದೆ ನಿಂತಿರುವ ಸ್ತಂಭಶಾಸನವನ್ನು ನೆನೆಯಬೇಕು. ಐದನೆಯ ಶತಮಾನದ ಆ ಶಾಸನ ಕದಂಬ ವಂಶದ ಮೂಲಪುರುಷ ಮಯೂರಶರ್ಮನ ವೃತ್ತಾಂತವನ್ನು ಹೇಳುತ್ತದೆ. ಓದಲೆಂದು ಕಂಚಿಗೆ ಹೋದವನು ಪಲ್ಲವರ ಕುದುರೆಯಾಳಿನೊಡನೆ ಜಗಳವಾಗಿ ಅಪಮಾನಗೊಂಡು ವೇದವನ್ನು ಬಿಟ್ಟು ಕತ್ತಿ ಹಿಡಿದ. ಕೋಪವೇ ರಾಜ್ಯವಾಯಿತು. ಚರಿತ್ರೆಗೆ ಇಂತಹವರು ಪ್ರಿಯರು, ಶಾಲೆಯ ಪುಸ್ತಕದಲ್ಲಿ ಇಂದಿಗೂ ಮಕ್ಕಳು ಅವನನ್ನು ಓದುತ್ತಾರೆ, ಓದಬೇಕಾದದ್ದೇ. ಆದರೆ ಅದೇ ತಾಲೂಕಿನ ಬಂದಳಿಕೆಯಲ್ಲಿ ಇನ್ನೊಂದು ಕಲ್ಲಿದೆ. ಬಿ.ಎಲ್. ರೈಸ್ ಅವರು ೧೯೦೨ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ ಏಳನೆಯ ಸಂಪುಟದಲ್ಲಿ ಅದರ ಪಾಠವನ್ನು ನೋಡಬಹುದು.

ಇಮ್ಮಡಿ ಕೃಷ್ಣನ ಕಾಲದಲ್ಲಿ ನಾಗರಖಂಡ ಎಪ್ಪತ್ತರ ನಾಳ್ಗಾವುಂಡನಾಗಿದ್ದ ಸತ್ತರಸ ನಾಗಾರ್ಜುನ ತೀರಿಕೊಂಡ. ದೊರೆ ಆ ಅಧಿಕಾರವನ್ನು ಅವನ ಹೆಂಡತಿ ಜಕ್ಕಿ(ಯ)ಬ್ಬೆಗೆ ಕೊಟ್ಟ. ಒಬ್ಬ ಹೆಂಗಸು ಎಪ್ಪತ್ತು ಹಳ್ಳಿಗಳ ಆಡಳಿತವನ್ನು ಸಮರ್ಥವಾಗಿ ನಡೆಸಿದಳೆಂದು ಶಾಸನ ಹೊಗಳುತ್ತದೆ. ಅನಂತರ ದೇಹಕ್ಕೆ ರೋಗ ಬಂದಿತು. ಭೋಗದ ನಶ್ವರತೆಯನ್ನು ಬಗೆದು ಮಗಳಿಗೆ ಅಧಿಕಾರವನ್ನು ಒಪ್ಪಿಸಿ, ಬಂದಣಿಕೆಯ ತೀರ್ಥದ ಬಸದಿಯಲ್ಲಿ ಸಲ್ಲೇಖನ ವ್ರತದಿಂದ ಆಕೆ ಮುಡಿಪಿದಳು. ಇದು ನಡೆದದ್ದು ೧೦ನೆಯ ಶತಮಾನದ ಎರಡನೆಯ ದಶಕದಲ್ಲಿ, ಬಂಕಾಪುರದಲ್ಲಿ ಉತ್ತರಪುರಾಣಕ್ಕೆ ಪೂಜೆ ನಡೆದು ಸುಮಾರು ಇಪ್ಪತ್ತು ವರ್ಷಗಳಾದ ಮೇಲೆ. ಗಂಡನ ಸಾವಿನಿಂದ ಸಿಡಿಲಾಗಬಹುದಾಗಿದ್ದವಳು, ಅಧಿಕಾರದಿಂದ ಗುಡುಗಬಹುದಾಗಿದ್ದವಳು ಎರಡನ್ನೂ ಮಾಡದೆ ಕೆಲಸ ಮಾಡಿದಳು, ಕೆಲಸ ಮುಗಿದಾಗ ಬಿಟ್ಟುಕೊಟ್ಟಳು. ಸೊರಬ ತಾಲೂಕಿನ ಹಿರೇಆವಲಿ, ಉದ್ರಿಗಳ ನಿಷಿಧಿಗಲ್ಲುಗಳಲ್ಲಿ ಇಂತಹ ಅನೇಕ ಗಾವುಂಡರ, ಗಾವುಂಡಿಯರ ಹೆಸರುಗಳಿವೆ. ಅವರು ಸಮಾಧಿಯಿಂದ ಸುರಲೋಕಕ್ಕೆ ಸಂದರೆಂದು ಕಲ್ಲುಗಳು ಹೇಳುತ್ತವೆ. ಮನುಷ್ಯರು ಬೇರೊಂದು ರೂಪಕ್ಕೆ ಹೋದ ಕಥೆಗಳೇ ಅವೂ ಕೂಡ, ಸದ್ದಿಲ್ಲದವು.

ಜಕ್ಕಿಯಬ್ಬೆ ಮುಡಿಪಿ ಕಾಲು ಶತಮಾನವೂ ಕಳೆದಿರಲಿಲ್ಲ, ಬನವಾಸಿ ದೇಶವನ್ನು ಮನಸಾರೆ ಕೊಂಡಾಡಿದ ಪಂಪ ೯೪೧ರ ಸುಮಾರಿಗೆ ತನ್ನ ಆದಿಪುರಾಣವನ್ನು ಮುಗಿಸಿದ. ಅದರಲ್ಲಿ ಮಿಂಚಾದ ಇನ್ನೊಬ್ಬಳಿದ್ದಾಳೆ, ನೀಲಾಂಜನೆ. ಆದಿದೇವನ ಸಭೆಯಲ್ಲಿ ನರ್ತಿಸುತ್ತಿರುವಂತೆಯೇ ಅವಳ ಆಯುಷ್ಯ ತೀರಿ ಅವಳು ಮಿಂಚಿನಂತೆ ಮರೆಯಾಗುತ್ತಾಳೆ. ರಸಭಂಗವಾಗದಿರಲೆಂದು ಇಂದ್ರ ಅದೇ ಕ್ಷಣದಲ್ಲಿ ಅವಳಂತಹ ಇನ್ನೊಬ್ಬಳನ್ನು ಅಲ್ಲಿ ನಿಲ್ಲಿಸುತ್ತಾನೆ. ಸಭೆಗೆ ಏನೂ ತಿಳಿಯುವುದಿಲ್ಲ, ಕುಣಿತ ಮುಂದುವರಿಯುತ್ತದೆ. ಆದಿದೇವನೊಬ್ಬನೇ ನೋಡಿದ. ವೈರಾಗ್ಯ ಬಂದದ್ದು ಅವನಿಗೆ. ಪಾಠ ಹೇಳುವವರು ಇಲ್ಲಿ ಲೋಕದ ಅನಿತ್ಯತೆಯ ಮೇಲೆ ವ್ಯಾಖ್ಯಾನ ಮಾಡುತ್ತಾರೆ, ಸರಿಯೇ. ಆದರೆ ಅಷ್ಟೊಂದು ಜನ ತುಂಬಿದ ಸಭೆಯಲ್ಲಿ ಒಬ್ಬಳು ಇಲ್ಲವಾದದ್ದನ್ನು ಯಾರೂ ಕಾಣಲಿಲ್ಲವೆಂಬುದು ನನ್ನನ್ನು ಅದಕ್ಕಿಂತ ಹೆಚ್ಚು ಕಾಡುತ್ತದೆ.

ನಮ್ಮ ಹಳ್ಳಿಯ ಆ ರೈತನ ಮನೆಗೆ ಹತ್ತು ದಿನಗಳಲ್ಲಿ ಹೋಗಿಬರುವವರು ಕಡಿಮೆಯಾಗುತ್ತ ಬಂದರು. ಪಾಪಿಯ ಮನೆಯೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಕೆಲಸದ ನೆಪ ಹೇಳಿದರು. ನನ್ನ ಅಜ್ಜಿ ಮಳೆಗಾಲದ ಸಂಜೆಗಳಲ್ಲಿ ಪಾರ್ಶ್ವನಾಥ ಚರಿತೆಯನ್ನು ಮನೆಯವರಿಗೆ ಓದಿ ಹೇಳುತ್ತಿದ್ದವರು. ಒಂದು ಮಧ್ಯಾಹ್ನ ನನ್ನ ಕೈಹಿಡಿದುಕೊಂಡು ಆ ಮನೆಗೆ ಹೋದರು. ಜಗಲಿಯ ಮೇಲೆ ಆ ಹೆಂಗಸಿನ ಪಕ್ಕದಲ್ಲಿ ಬಹಳ ಹೊತ್ತು ಕುಳಿತರು. ಪುರಾಣದ ಮಾತೊಂದೂ ಬರಲಿಲ್ಲ. ಯಾರ ಶಾಪ ತಟ್ಟಿತು ಅಮ್ಮಾ ಎಂದು ಅವಳೇ ಕೇಳಿದಳು. ಅಜ್ಜಿ ಅಂಗಳದಾಚೆಯ ಸುಟ್ಟ ಮಾವಿನ ಮರವನ್ನು ತೋರಿಸಿ ಹೇಳಿದರು:

“ಮರ ಎತ್ತರ ಇತ್ತು ತಂಗೀ. ಅದಕ್ಕೇ ಅಲ್ಲಿಗೆ ಹೊಡೀತು. ಇನ್ನೇನೂ ಇಲ್ಲ.”

ಅವಳು ಅಂದು ಮೊದಲ ಬಾರಿ ಗಟ್ಟಿಯಾಗಿ ಅತ್ತಳು. ಅನಂತರ ಒಳಗೆ ಹೋಗಿ ನನಗೊಂದು ಲೋಟ ಮಜ್ಜಿಗೆ ತಂದುಕೊಟ್ಟಳು.